ಸಾಕಿದ ನಾಯಿಗೆ ಇನ್ನೊಂದು ಮನೆ: ಯಾರ ಕೈಗೆ ಕೊಡಬೇಕು?

ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗಬೇಕಾಗುತ್ತದೆ. ನಾಯಿಯನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ತೀರಿಕೊಳ್ಳುತ್ತಾರೆ. ಮನೆಯಲ್ಲಿ ಯಾರಿಗೋ ಉಸಿರಾಟದ ತೊಂದರೆ ಶುರುವಾಗುತ್ತದೆ. ಬಾಡಿಗೆ ಮನೆ ಬಿಡಬೇಕಾಗಿ ಬಂದು, ಹೊಸ ಮನೆಯ ಮಾಲೀಕರು ನಾಯಿ ಬೇಡವೇ ಬೇಡ ಅನ್ನುತ್ತಾರೆ. ಕಾರಣ ಏನೇ ಇರಲಿ, ಆ ಹೊತ್ತಿಗೆ ಮನೆಮಂದಿಯೆಲ್ಲ ಕೇಳುವ ಪ್ರಶ್ನೆ ಒಂದೇ: "ಯಾರು ತಗೋತಾರೆ?" ಯಾರೋ ಒಬ್ಬರು ಹೂಂ ಅಂದ ಕೂಡಲೇ ಹುಡುಕಾಟವೂ ನಿಂತುಬಿಡುತ್ತದೆ.

ಮನೆ ಬದಲಿಸುವ ನಾಯಿಗಳನ್ನು ಹೊಸ ಜಾಗ ಸಿಗುವವರೆಗೆ ನನ್ನ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ನಾಯಿಯ ಪಾಡು ಕೆಟ್ಟ ಪ್ರಸಂಗಗಳಲ್ಲೆಲ್ಲ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳಿಯೇ ಇರುವುದಿಲ್ಲ: ಅಲ್ಲಿ ಹೊಂದಿಕೆ ಆಗದಿದ್ದರೆ ಈ ನಾಯಿ ಆಮೇಲೆ ಎಲ್ಲಿಗೆ ಹೋಗುತ್ತದೆ? ಕೆಳಗೆ ಒಂದೊಂದು ದಾರಿಯನ್ನೂ ಮುಖ್ಯವಾಗಿ ಈ ಪ್ರಶ್ನೆಯಿಂದಲೇ ತೂಗಿ ನೋಡಿದ್ದೇನೆ.

ಕೊಡುವ ಮುನ್ನ ಒಂದು ಸಲ

ನಿಮ್ಮ ಮನಸ್ಸು ಬದಲಿಸಬೇಕೆಂದು ಇದನ್ನು ಬರೆಯುತ್ತಿಲ್ಲ. ಈ ನಿರ್ಧಾರಕ್ಕೆ ಬಂದವರಲ್ಲಿ ಹೆಚ್ಚಿನವರು ತಿಂಗಳುಗಟ್ಟಲೆ ನಿದ್ದೆಗೆಟ್ಟು, ಅತ್ತು, ಬೇರೆಲ್ಲ ಪ್ರಯತ್ನ ಮಾಡಿಯೇ ಬಂದಿರುತ್ತಾರೆ. ಆದರೂ ಕೆಲವು ಸಂದರ್ಭಗಳಲ್ಲಿ ಕೊಡದೆಯೂ ದಾರಿ ಸಿಗುವುದುಂಟು.

ನಾಯಿಯ ಸ್ವಭಾವ ಬದಲಾದದ್ದೇ ಕಾರಣವಾಗಿದ್ದರೆ ಮೊದಲು ಪಶುವೈದ್ಯರ ಹತ್ತಿರ ಹೋಗಿ. ಇದ್ದಕ್ಕಿದ್ದಂತೆ ಗುರ್ ಅನ್ನುವುದು, ಮೈ ಮುಟ್ಟಿದರೆ ಹಲ್ಲು ತೋರಿಸುವುದು, ಮನೆಯೊಳಗೇ ಉಚ್ಚೆ ಮಾಡುವುದು, ಇವೆಲ್ಲ ಹಟಮಾರಿತನದಂತೆ ಕಂಡರೂ ಎಷ್ಟೋ ಸಲ ಕಾಯಿಲೆಯ ಗುರುತು. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ನಡವಳಿಕೆಯ ತೊಂದರೆಯೆಂದು ತಜ್ಞರ ಬಳಿಗೆ ಬಂದ ಪ್ರಾಣಿಗಳಲ್ಲಿ ಕಡಿಮೆಯೆಂದರೂ ಸುಮಾರು ಮೂರನೇ ಒಂದು ಭಾಗಕ್ಕೆ ಯಾವುದೋ ನೋವು ಅಂಟಿಕೊಂಡಿತ್ತು ಎಂದು ಅಂದಾಜು ಮಾಡಿದ್ದಾರೆ. ಕೆಲವೆಡೆ ಆ ಪ್ರಮಾಣ ಶೇ 80ರ ಹತ್ತಿರಕ್ಕೆ ಹೋಗಿತ್ತು. ಸೊಂಟದ ಕೀಲು, ಕಿವಿಯ ಸೋಂಕು, ಹುಳುಕು ಹಲ್ಲು, ಮೂತ್ರಕೋಶದ ಸೋಂಕು, ಇಂಥವನ್ನೆಲ್ಲ ಪರೀಕ್ಷೆ ಮಾಡಿಸದೆ ನಾಯಿಯನ್ನು ದಾಟಿಸಿದರೆ ನೋವೂ ಅದರ ಜೊತೆಗೇ ಹೊಸ ಮನೆಗೆ ಹೋಗುತ್ತದೆ. ಅಲ್ಲಿಯೂ ಅದು ಗುರ್ ಅನ್ನುತ್ತದೆ, ಅವರೂ ಬೇಡ ಅನ್ನುತ್ತಾರೆ.

ಮನೆಗೆ ಮಗು ಬರುತ್ತಿದೆ ಎಂಬ ಒಂದೇ ಕಾರಣಕ್ಕೆ ಕೊಡಲು ಹೊರಡುವವರೂ ಇದ್ದಾರೆ. ಗರ್ಭಿಣಿಯರಿಗೆ ಪ್ರಾಣಿಗಳಿಂದ ರೋಗ ಬರುತ್ತದೆಂದು ಹಿರಿಯರು ಹೆದರಿಸುವುದು ಸಾಮಾನ್ಯವಾಗಿ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿಯ ಹೆಸರಿನಲ್ಲಿ. ಅದು ಮೊಟ್ಟೆಯಂಥ ಕಣಗಳನ್ನು ಹೊರಹಾಕುವುದು ಬೆಕ್ಕಿನ ಜಾತಿಯ ಪ್ರಾಣಿಗಳ ಮಲದಲ್ಲಿ, ನಾಯಿಯ ಮಲದಲ್ಲಿ ಅಲ್ಲ. ಮಗು ಮತ್ತು ನಾಯಿಯನ್ನು ಒಟ್ಟಿಗೆ ಬಿಟ್ಟು ಆಚೆ ಹೋಗಬಾರದು ಎಂಬುದು ಬೇರೆ ಮಾತು; ಆ ಎಚ್ಚರ ಎಂಥ ಸಾಧು ನಾಯಿಯ ವಿಷಯದಲ್ಲೂ ಬೇಕು.

ತೊಂದರೆ ಕೆಲವು ತಿಂಗಳಿನದಾಗಿದ್ದರೆ, ಅಂದರೆ ಆಪರೇಷನ್, ಬಾಣಂತನ, ಮನೆ ಸಿಗುವವರೆಗಿನ ಪರದಾಟ ಇಂಥವಾಗಿದ್ದರೆ, ಪೂರ್ತಿ ಕೊಟ್ಟುಬಿಡುವ ಬದಲು ತಾತ್ಕಾಲಿಕವಾಗಿ ಫಾಸ್ಟರ್ ಮನೆಯಲ್ಲಿ, ಅಂದರೆ ಸ್ವಲ್ಪ ಕಾಲದ ಮಟ್ಟಿಗೆ ನಾಯಿಯನ್ನು ನೋಡಿಕೊಳ್ಳುವವರ ಮನೆಯಲ್ಲಿ, ಇಡುವುದನ್ನು ಯೋಚಿಸಿ. ವಾಪಸ್ ಕರೆದುಕೊಳ್ಳುವ ತಾರೀಕನ್ನು ಮಾತ್ರ ಮೊದಲೇ ಬರೆದುಕೊಡಿ. ತಾರೀಕಿಲ್ಲದ "ಸ್ವಲ್ಪ ದಿನ" ಎರಡೂ ಕಡೆಯವರನ್ನು ಕೊರೆಯುತ್ತದೆ.

ಇವೆಲ್ಲ ನೋಡಿಯೂ ಕೊಡಲೇಬೇಕು ಅನ್ನಿಸಿದರೆ, ತಪ್ಪಿತಸ್ಥ ಭಾವಕ್ಕೆ ಸಮಯ ಕಳೆಯಬೇಡಿ. ಆ ಸಮಯ ಹುಡುಕಾಟಕ್ಕೆ ಬೇಕು.

ನೆಂಟರು, ಸ್ನೇಹಿತರು

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯಲು ಕೆಲಸ ಮಾಡುವ ಅಮೆರಿಕದ ಎಎಸ್‌ಪಿಸಿಎ ಸಂಸ್ಥೆಯ ಸಂಶೋಧಕರು, ಸಾಕಿದ ಪ್ರಾಣಿಗೆ ಬೇರೆ ಮನೆ ನೋಡಿದವರನ್ನು ಮಾತನಾಡಿಸಿ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಶೇ 37 ಮಂದಿ ಸ್ನೇಹಿತರಿಗೋ ನೆಂಟರಿಗೋ ಕೊಟ್ಟಿದ್ದರು, ಶೇ 36 ಮಂದಿ ಶೆಲ್ಟರ್‌ಗೆ (ಪ್ರಾಣಿಗಳ ಆಶ್ರಯ ಕೇಂದ್ರಕ್ಕೆ), ಶೇ 14 ಮಂದಿ ಪಶುವೈದ್ಯರಿಗೆ, ಶೇ 11 ಮಂದಿ ಮೊದಲು ಪರಿಚಯವೇ ಇಲ್ಲದವರಿಗೆ. ಎಲ್ಲ ಕಡೆಯೂ ಇದೇ ಲೆಕ್ಕ ಇರುತ್ತದೆಂದಲ್ಲ, ಆದರೆ ಮನಸ್ಸು ಮೊದಲು ಓಡುವುದು ಪರಿಚಿತರ ಕಡೆಗೇ ಎಂಬುದಂತೂ ನಿಜ.

ಇದರಲ್ಲಿ ಅನುಕೂಲ ಬಹಳ. ನಾಯಿಗೆ ಅವರ ವಾಸನೆ, ದನಿ ಗೊತ್ತು. ಒಂದು ಮನೆಯಿಂದ ನೇರ ಇನ್ನೊಂದು ಮನೆಗೆ ಹೋಗುತ್ತದೆ, ನಡುವೆ ಪಂಜರವಿಲ್ಲ. ಆಗಾಗ ವಿಚಾರಿಸಿಕೊಳ್ಳಲೂ ಆಗುತ್ತದೆ.

ಅಪಾಯ ಇರುವುದು ದಾಕ್ಷಿಣ್ಯದಲ್ಲಿ. ನಿಮ್ಮ ಮುಖ ನೋಡಿ ಇಲ್ಲ ಅನ್ನಲಾಗದೆ ಹೂಂ ಅಂದವರು, ಆರು ತಿಂಗಳ ನಂತರ ಸಾಕಾಗಿಹೋದಾಗ ನಿಮಗೆ ಹೇಳುವುದಕ್ಕೂ ಅದೇ ದಾಕ್ಷಿಣ್ಯ ಪಡುತ್ತಾರೆ. ನಿಮಗೆ ಬೇಜಾರಾಗುತ್ತದೆಂದು ಹೇಳದೆ, ತಮಗೆ ಗೊತ್ತಿದ್ದ ಇನ್ಯಾರಿಗೋ ದಾಟಿಸುತ್ತಾರೆ. ಎಲ್ಲಕ್ಕಿಂತ ಭದ್ರ ಅನ್ನಿಸುವ ದಾರಿಯಲ್ಲಿ ನಾಯಿ ಹಿಂತಿರುಗುವ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಳ್ಳುವುದು ಹೀಗೆ.

ನನ್ನಲ್ಲಿಗೆ ಬಂದ ಒಂದು ಕಂದು ಬಣ್ಣದ ಲ್ಯಾಬ್ರಡಾರ್‌ನ ಕಥೆ ಇದೇ. ತಮ್ಮನಿಂದ ಅಣ್ಣನ ಮನೆಗೆ, ಅಣ್ಣನಿಂದ ಅವರ ಜೊತೆ ಕೆಲಸ ಮಾಡುವವರಿಗೆ, ಅಲ್ಲಿಂದ ಒಂದು ಗೋದಾಮಿನ ಕಾವಲಿಗೆ. ಕುತ್ತಿಗೆಯ ಬೆಲ್ಟ್ ಬಿಚ್ಚಿದಾಗ ಅದರಡಿಯ ಕೂದಲೆಲ್ಲ ಉದುರಿ ಚರ್ಮ ಕೆಂಪಗೆ ಒದ್ದೆಯಾಗಿತ್ತು. "ಕೂತ್ಕೋ" ಅಂದರೆ ತಟ್ಟನೆ ಕೂತು, ಕೇಳದೆಯೇ ಬಲಗಾಲು ಎತ್ತಿ ಕೈಗೆ ಇಡುತ್ತಿದ್ದ. ಯಾರೋ ಬಹಳ ಪ್ರೀತಿಯಿಂದ ಕಲಿಸಿದ್ದು ಅದು. ನಾನು ಫೋನ್ ಮಾಡುವವರೆಗೂ ಆ ತಮ್ಮ, ನಾಯಿ ಅಣ್ಣನ ಮನೆಯಲ್ಲೇ ಸುಖವಾಗಿದೆ ಅಂದುಕೊಂಡಿದ್ದರು.

ಆದ್ದರಿಂದ ಪರಿಚಿತರನ್ನು ಕೇಳುವಾಗ ಇಲ್ಲ ಅನ್ನಲು ದಾರಿ ಬಿಟ್ಟೇ ಕೇಳಿ. ಮುಖಾಮುಖಿ ಕೇಳುವ ಬದಲು ಮೆಸೇಜ್ ಮಾಡಿ, "ಯೋಚಿಸಿ ವಾರದೊಳಗೆ ಹೇಳಿ, ಆಗಲ್ಲ ಅಂದರೂ ನನಗೇನೂ ಬೇಸರವಿಲ್ಲ" ಅನ್ನಿ. ಹೂಂ ಅಂದವರ ಮನೆಯಲ್ಲಿ ನಿಜವಾಗಿ ನಾಯಿಯನ್ನು ನೋಡಿಕೊಳ್ಳುವವರು ಯಾರು ಎಂದು ತಿಳಿದುಕೊಳ್ಳಿ. ಎಷ್ಟೋ ಸಲ ಒಪ್ಪಿಕೊಳ್ಳುವವರು ಒಬ್ಬರು, ಬೆಳಗ್ಗೆ ಎದ್ದು ವಾಕಿಂಗ್ ಕರೆದೊಯ್ಯುವವರು ಇನ್ನೊಬ್ಬರು. ವಯಸ್ಸಾದ ಅಪ್ಪ ಅಮ್ಮನ ಹತ್ತಿರ ಬಿಡುವ ಯೋಚನೆ ಇದ್ದರೆ, ನಾಯಿ ಹಗ್ಗ ಎಳೆದಾಗ ಅವರು ಬೀಳದೆ ನಿಲ್ಲಬಲ್ಲರೇ ಎಂಬುದನ್ನು ಖುದ್ದಾಗಿ ನಡೆಸಿ ನೋಡಿ. ಒಂದು ವಾರಾಂತ್ಯ ನಾಯಿಯನ್ನು ಅಲ್ಲಿ ಬಿಟ್ಟು ಬನ್ನಿ. ಕೊನೆಗೆ, ಮನೆಯವರೆಲ್ಲ ಕೂತಿರುವಾಗ ಬಾಯಿಬಿಟ್ಟು ಹೇಳಿ: ಆಗದಿದ್ದರೆ ಬೇರೆ ಯಾರಿಗೂ ಕೊಡಬೇಡಿ, ಯಾವ ಹೊತ್ತಾದರೂ ಸರಿ, ನನಗೇ ಫೋನ್ ಮಾಡಿ.

ಪರಿಚಯವಿಲ್ಲದ ಮನೆಗೆ ನೀವೇ ಹುಡುಕಿ ಕೊಡುವುದು

ಹೆಚ್ಚು ಓಡಾಟ, ಹೆಚ್ಚು ಮಾತುಕತೆ, ಹೆಚ್ಚು ಆತಂಕ ಬೇಡುವ ದಾರಿ ಇದು. ಹಾಗಿದ್ದೂ, ಕೈಯಲ್ಲಿ ಒಂದೆರಡು ತಿಂಗಳು ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ನಿಮ್ಮ ನಾಯಿಯನ್ನು ನಿಮ್ಮಷ್ಟು ಬಲ್ಲವರು ಬೇರೆ ಯಾರೂ ಇಲ್ಲ. ಅದು ಗುಡುಗಿಗೆ ಮಂಚದ ಕೆಳಗೆ ಸೇರಿಕೊಳ್ಳುತ್ತದೆ, ಟೋಪಿ ಹಾಕಿದ ಗಂಡಸರನ್ನು ಕಂಡರೆ ಬೊಗಳುತ್ತದೆ, ತಟ್ಟೆಯ ಹತ್ತಿರ ಕೈ ತಂದರೆ ಮೈ ಬಿಗಿಮಾಡುತ್ತದೆ ಎಂಬುದು ಶೆಲ್ಟರ್‌ನ ಸಿಬ್ಬಂದಿಗೆ ಗೊತ್ತಾಗುವಷ್ಟರಲ್ಲಿ ವಾರಗಳೇ ಕಳೆದಿರುತ್ತವೆ.

ಜಾಹೀರಾತಿನಲ್ಲಿ ಈ ಕಷ್ಟದ ಸಂಗತಿಗಳನ್ನು ಬಚ್ಚಿಡಬೇಡಿ. "ತುಂಬಾ ಫ್ರೆಂಡ್ಲಿ, ಎಲ್ಲರ ಜೊತೆ ಹೊಂದಿಕೊಳ್ಳುತ್ತದೆ" ಎಂದು ಬರೆದರೆ ಕರೆಗಳು ಹತ್ತಾರು ಬರುತ್ತವೆ, ಆದರೆ ಯಾವುದು ಸರಿಯಾದ ಮನೆ ಎಂದು ಗೊತ್ತಾಗುವುದಿಲ್ಲ. "ಒಂಟಿಯಾಗಿ ನಾಲ್ಕು ಗಂಟೆಗಿಂತ ಹೆಚ್ಚು ಇರಲಾರದು, ಬೆಕ್ಕುಗಳಿರುವ ಮನೆಗೆ ಆಗದು, ಕಾರಿನಲ್ಲಿ ವಾಂತಿ ಮಾಡುತ್ತದೆ, ರಾತ್ರಿ ಮನುಷ್ಯರ ಕೋಣೆಯಲ್ಲೇ ಮಲಗಬೇಕು" ಎಂದು ಬರೆದರೆ ಬರುವ ಕರೆ ಒಂದೋ ಎರಡೋ. ಆ ಒಂದೆರಡು ಕರೆಯ ಬೆಲೆ ದೊಡ್ಡದು.

ಕರೆ ಮಾಡಿದವರು ಏನು ಕೇಳುತ್ತಾರೆ ಎಂಬುದರಲ್ಲೇ ಅರ್ಧ ತಿಳಿಯುತ್ತದೆ. ವಯಸ್ಸು, ಊಟ, ಆರೋಗ್ಯ, ಮಕ್ಕಳ ಜೊತೆ ಹೇಗೆ, ಯಾಕೆ ಕೊಡುತ್ತಿದ್ದೀರಿ ಎಂದು ಕೇಳುವವರು ಒಂದು ಬಗೆ. ಜಾತಿಯ ಸರ್ಟಿಫಿಕೇಟ್ ಇದೆಯೇ, ಆಪರೇಷನ್ ಆಗಿದೆಯೇ, ಮರಿ ಹಾಕಿದೆಯೇ, ಈವತ್ತೇ ಬಂದು ಕರೆದೊಯ್ಯಬಹುದೇ ಎಂದಷ್ಟೇ ಕೇಳುವವರು ಇನ್ನೊಂದು ಬಗೆ. ಜಾತಿ ನಾಯಿಗಳನ್ನು, ಅದರಲ್ಲೂ ಹೆಣ್ಣನ್ನು, ಮರಿ ಹಾಕಿಸಿ ಮಾರುವುದಕ್ಕೆಂದೇ ಸಂಗ್ರಹಿಸುವವರು ಇಂಥ ಜಾಹೀರಾತುಗಳನ್ನು ಕಾಯುತ್ತಿರುತ್ತಾರೆ. ಕೊಡುವ ಮೊದಲೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ಅದನ್ನು ಜಾಹೀರಾತಿನ ಮೊದಲ ಸಾಲಿನಲ್ಲೇ ಹಾಕಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ನಾಯಿಯ ವಯಸ್ಸು, ಆರೋಗ್ಯ ಒಪ್ಪುವಂತಿದ್ದರೆ ಇದೊಂದನ್ನು ಮುಂದೂಡಬೇಡಿ.

ಹಣ ತೆಗೆದುಕೊಳ್ಳಬೇಕೇ ಎಂದು ಹಲವರು ಕೇಳುತ್ತಾರೆ. ಬಿಟ್ಟಿ ಕೊಟ್ಟರೆ ಬೆಲೆ ಇರುವುದಿಲ್ಲ ಎಂಬ ವಾದವಿದೆ. ನನ್ನ ಅನುಭವದಲ್ಲಿ ಹಣಕ್ಕಿಂತ ಶ್ರಮ ಒಳ್ಳೆಯ ಜರಡಿ. ಮೊದಲ ಸಲ ಅವರು ನಿಮ್ಮ ಮನೆಗೆ ಬಂದು ನಾಯಿಯನ್ನು ನೋಡಲಿ, ಎರಡನೇ ಸಲ ಮನೆಮಂದಿಯನ್ನೆಲ್ಲ ಕರೆತರಲಿ, ಮೂರನೇ ಸಲ ನೀವು ನಾಯಿಯ ಜೊತೆ ಅವರ ಮನೆಗೆ ಹೋಗಿ. ಇಷ್ಟಕ್ಕೆ ಸಿದ್ಧರಿಲ್ಲದವರು ದಿನಕ್ಕೆರಡು ಸಲ ವಾಕಿಂಗ್‌ಗೆ ಹೇಗೆ ಸಿದ್ಧರಾಗುತ್ತಾರೆ? ನಡುದಾರಿಯಲ್ಲಿ, ಬಸ್ ನಿಲ್ದಾಣದಲ್ಲಿ, ಮೊದಲ ಭೇಟಿಯಲ್ಲೇ ಹಗ್ಗ ಕೈಗಿತ್ತು ಬರುವುದಂತೂ ಬೇಡವೇ ಬೇಡ.

ಅವರ ಮನೆಗೆ ಹೋದಾಗ ಸೋಫಾ, ಟಿವಿ ನೋಡಬೇಡಿ. ಗೇಟಿನ ಕೆಳಗೆ ಎಷ್ಟು ಸಂದಿಯಿದೆ, ಕಾಂಪೌಂಡ್ ಎಷ್ಟು ಎತ್ತರ, ಬಾಲ್ಕನಿಯ ಸರಳುಗಳ ನಡುವೆ ತಲೆ ತೂರುತ್ತದೆಯೇ, ಮುಂಬಾಗಿಲು ನೇರ ರಸ್ತೆಗೆ ತೆರೆಯುತ್ತದೆಯೇ ನೋಡಿ. ನಾಯಿ ಮೈಮೇಲೆ ಹಾರಿದಾಗ ಮನೆಯವರು ಏನು ಮಾಡುತ್ತಾರೆ ಎಂಬುದನ್ನು ಗಮನಿಸಿ. ನಗುತ್ತಾರೋ, ಬಟ್ಟೆ ಕೊಡವುತ್ತಾರೋ, ಮೊಣಕಾಲಿನಿಂದ ತಳ್ಳುತ್ತಾರೋ. ಈ ಮೊದಲು ನಾಯಿ ಸಾಕಿದ್ದೀರಾ, ಅದಕ್ಕೆ ಏನಾಯಿತು ಎಂದು ಕೇಳಿ. ವಯಸ್ಸಾಗಿ ಸತ್ತಿತು ಎನ್ನುವವರು, ಯಾವ ಡಾಕ್ಟರ್ ಹತ್ತಿರ ತೋರಿಸುತ್ತಿದ್ದರು ಎಂಬುದನ್ನೂ ತಡವರಿಸದೆ ಹೇಳುತ್ತಾರೆ. "ಯಾರಿಗೋ ಕೊಟ್ವಿ", "ಎಲ್ಲೋ ಓಡಿಹೋಯ್ತು" ಎಂಬ ಉತ್ತರ ಎರಡು ಸಲ ಬಂದರೆ ಎದ್ದು ಬನ್ನಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಕೇಳಿ. ಅದು ಒರಟು ಅನ್ನಿಸಿದರೂ ಕೇಳಿ.

ಎಲ್ಲ ಸರಿ ಕಂಡರೆ ಎರಡು ವಾರದ ಪ್ರಾಯೋಗಿಕ ಅವಧಿ ಇಟ್ಟುಕೊಳ್ಳಿ. ಒಂದು ಹಾಳೆಯಲ್ಲಿ ಎರಡು ಕಡೆಯವರೂ ಸಹಿ ಹಾಕಲಿ: ಯಾವ ಕಾರಣಕ್ಕೂ ಮೂರನೆಯವರಿಗೆ ಕೊಡುವುದಿಲ್ಲ, ಬೇಡವಾದರೆ ನಮಗೇ ಹಿಂತಿರುಗಿಸುತ್ತೇವೆ. ಆದರೆ ಈ ಹಾಳೆಗೆ ಅರ್ಥ ಬರಬೇಕಾದರೆ ನೀವೂ ಅದನ್ನು ವಾಪಸ್ ಕರೆದುಕೊಳ್ಳಲು ಸಿದ್ಧರಿರಬೇಕು, ಇಲ್ಲವೇ ಕರೆದುಕೊಳ್ಳುವ ಇನ್ನೊಬ್ಬರ ಹೆಸರು ಅದರಲ್ಲಿರಬೇಕು. ದೇಶವನ್ನೇ ಬಿಟ್ಟು ಹೋಗುತ್ತಿರುವವರಿಗೆ ಇದು ಸಾಧ್ಯವಿಲ್ಲ. ಅಂಥವರಿಗೆ ಮುಂದಿನ ದಾರಿಯೇ ಮೇಲು.

ರೆಸ್ಕ್ಯೂ ತಂಡ ಮತ್ತು ಫಾಸ್ಟರ್ ಮನೆ

ಕಷ್ಟದಲ್ಲಿರುವ ನಾಯಿಗಳನ್ನು ಕಾಪಾಡಿ ಮನೆ ಹುಡುಕಿಕೊಡುವ ಒಳ್ಳೆಯ ರೆಸ್ಕ್ಯೂ ತಂಡಗಳ ಬಲ ಇರುವುದು ಎರಡು ಕಡೆ. ಒಂದು, ಮನೆ ಹುಡುಕುವವರನ್ನು ಜಾಲಾಡುವ ಅಭ್ಯಾಸ ಅವರಿಗಿದೆ. ಎರಡು, ದತ್ತು ಕೊಟ್ಟ ನಾಯಿ ಹತ್ತು ವರ್ಷದ ನಂತರ ಬೇಡವಾದರೂ ವಾಪಸ್ ತೆಗೆದುಕೊಳ್ಳುತ್ತೇವೆ ಎಂಬ ಕರಾರನ್ನು ಇಂಥ ತಂಡಗಳಲ್ಲಿ ಅನೇಕವು ಮಾಡಿಕೊಳ್ಳುತ್ತವೆ. ಹೊಂದಿಕೆ ಆಗದಿದ್ದರೆ ನಾಯಿ ಎಲ್ಲಿಗೆ ಎಂಬ ನನ್ನ ಪ್ರಶ್ನೆಗೆ ಇಷ್ಟು ನೇರ ಉತ್ತರ ಬೇರೆ ಎಲ್ಲೂ ಸಿಗುವುದಿಲ್ಲ.

ಹೊಸ ಮನೆ ಸಿಗುವವರೆಗೆ ನಾಯಿ ಪಂಜರದಲ್ಲಿ ಇರದೆ ಯಾರದೋ ಮನೆಯಲ್ಲಿ ಇರುತ್ತದೆ ಎಂಬುದೂ ಸಣ್ಣ ವಿಷಯವಲ್ಲ. ಅಮೆರಿಕದ ಐದು ಶೆಲ್ಟರ್‌ಗಳಲ್ಲಿ ಲೀಸಾ ಗಂಟರ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಶೆಲ್ಟರ್ ನಾಯಿಗಳನ್ನು ಒಂದೆರಡು ರಾತ್ರಿಗೆ ಮನೆಗಳಿಗೆ ಕಳಿಸಿದಾಗ ಅವುಗಳ ದೇಹದಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಇಳಿಯಿತು, ಅವು ಹೆಚ್ಚು ಹೊತ್ತು ನೆಮ್ಮದಿಯಾಗಿ ಮಲಗಿದವು. ಶೆಲ್ಟರ್‌ಗೆ ಮರಳಿದ ಮೇಲೆ ಹಾರ್ಮೋನು ಮೊದಲಿನ ಮಟ್ಟಕ್ಕೇ ಏರಿತು. ಬರೀ ಒಂದು ರಾತ್ರಿಯ ಮನೆವಾಸ ಇಷ್ಟು ಮಾಡುತ್ತದೆ.

ತೊಡಕೆಂದರೆ ಜಾಗ. ಫಾಸ್ಟರ್ ಮನೆಗಳು ಯಾವಾಗಲೂ ಭರ್ತಿ. ಕಾಯಬೇಕಾಗುತ್ತದೆ, ಮತ್ತು ಪೆಟ್ಟಾಗಿ ರಸ್ತೆಯಲ್ಲಿ ಬಿದ್ದ ನಾಯಿಗೆ ಮೊದಲ ಸರದಿ ಕೊಡುವುದು ಅವರಿಗೆ ಸಹಜ. "ನಿಮ್ಮ ನಾಯಿಗೆ ಒಂದು ಮನೆಯಿದೆಯಲ್ಲ" ಎಂದು ಅವರು ಹೇಳಿದರೆ ಕೋಪ ಮಾಡಿಕೊಳ್ಳಬೇಡಿ. ಬದಲಿಗೆ ಹೀಗೆ ಕೇಳಿ: ನಾಯಿ ನನ್ನ ಹತ್ತಿರವೇ ಇರಲಿ, ಊಟ ಔಷಧಿ ನನ್ನದೇ, ನೀವು ಫೋಟೊ ಹಾಕಿ ಬಂದವರನ್ನು ವಿಚಾರಿಸಿ ಕೊಡುತ್ತೀರಾ? ಇದಕ್ಕೆ ಒಪ್ಪುವ ತಂಡಗಳು ಅನೇಕ. ನನ್ನ ಮಟ್ಟಿಗೆ, ಸಮಯವಿರುವವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ. ನಾಯಿ ತನ್ನ ಜಾಗದಲ್ಲೇ ಇರುತ್ತದೆ, ಅದರ ಬಗ್ಗೆ ಮಾತನಾಡುವವರು ನೀವೇ, ಬಂದವರನ್ನು ಜರಡಿ ಹಿಡಿಯುವ ಕಣ್ಣು ಪಳಗಿದವರದು, ಹಿಂತಿರುಗಲು ತಂಡದ ಕರಾರು.

ರೆಸ್ಕ್ಯೂ ಎಂಬ ಹೆಸರಿದ್ದ ಮಾತ್ರಕ್ಕೆ ನಂಬಬೇಡಿ. ಕರುಣೆಯಿಂದಲೇ ಶುರುಮಾಡಿ, ಕೈಮೀರಿ ನಾಯಿಗಳನ್ನು ತುಂಬಿಕೊಂಡು ಒಂದನ್ನೂ ಸರಿಯಾಗಿ ನೋಡಿಕೊಳ್ಳಲಾಗದ ಜಾಗಗಳೂ ಇವೆ. ನಾಯಿ ಇರುವ ಜಾಗವನ್ನು ನೋಡಲು ಬಿಡುತ್ತಾರೆಯೇ, ಅವರ ಪಶುವೈದ್ಯರು ಯಾರು, ಹೋದ ತಿಂಗಳು ಎಷ್ಟು ಬಂದವು ಎಷ್ಟು ಹೋದವು ಎಂದು ಕೇಳಿ. ಮೂಗು ಕೊಡುವ ಉತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಳೆಯ ಉಚ್ಚೆಯ ಘಾಟು ಅಡಗಿಸಲಾಗದು.

ಶೆಲ್ಟರ್

ಶೆಲ್ಟರ್‌ಗಳಲ್ಲಿ ಎರಡು ತರಹ. ಬಂದ ಪ್ರಾಣಿಯನ್ನೆಲ್ಲ ಒಳಗೆ ಬಿಟ್ಟುಕೊಳ್ಳುವವು, ಮತ್ತು ಜಾಗವಿದ್ದಾಗ ಮಾತ್ರ ಒಪ್ಪುವವು. ಮೊದಲನೆಯದು ನಿಮ್ಮನ್ನು ಹಿಂದೆ ಕಳಿಸುವುದಿಲ್ಲ, ಆದರೆ ಜಾಗ ತುಂಬಿದಾಗ ಕೆಲವು ದೇಶಗಳಲ್ಲಿ ದಯಾಮರಣದ ಪ್ರಶ್ನೆ ಏಳುತ್ತದೆ. ಎರಡನೆಯದರಲ್ಲಿ ಕಾಯುವ ಪಟ್ಟಿ ಇರುತ್ತದೆ. "ನೋ ಕಿಲ್" ಎಂಬ ಹಣೆಪಟ್ಟಿಯನ್ನು ಸಾಮಾನ್ಯವಾಗಿ ಬಳಸುವುದು, ಬಂದ ಪ್ರಾಣಿಗಳಲ್ಲಿ ಶೇ 90 ಅಥವಾ ಹೆಚ್ಚು ಜೀವಂತವಾಗಿ ಹೊರಹೋದರೆ. ಒಟ್ಟು ಪ್ರಾಣಿಗಳ ಲೆಕ್ಕ ಅದು, ನಿಮ್ಮ ನಾಯಿಗೆ ಕೊಟ್ಟ ಭರವಸೆಯಲ್ಲ. ಹನ್ನೆರಡು ವರ್ಷದ, ಹೃದಯದ ಕಾಯಿಲೆಯ ನಾಯಿಗೆ ಏನಾಗುತ್ತದೆ ಎಂದು ನೇರವಾಗಿ ಕೇಳಿ. ನೇರ ಉತ್ತರ ಕೊಡುವವರು, ಉತ್ತರ ಕಹಿಯಾದರೂ, ನಂಬಿಕಸ್ಥರು.

ಮನೆಯ ಸೋಫಾದಲ್ಲಿ ಮಲಗಿ ಬೆಳೆದ ನಾಯಿಗೆ ಮೊದಲ ದಿನಗಳು ಬಹಳ ಕಷ್ಟದವು. ಮೈಕೆಲ್ ಹೆನೆಸಿ ಮತ್ತು ಸಂಗಡಿಗರು 1997ರಲ್ಲೇ ತೋರಿಸಿದಂತೆ, ಶೆಲ್ಟರ್‌ಗೆ ಬಂದ ಮೊದಲ ಮೂರು ದಿನ ನಾಯಿಗಳ ರಕ್ತದಲ್ಲಿ ಕಾರ್ಟಿಸಾಲ್ ಮಟ್ಟ ಮನೆಯ ನಾಯಿಗಳಿಗಿಂತ ಹೆಚ್ಚಿರುತ್ತದೆ. ದತ್ತು ಪಡೆಯಲು ಬಂದವರು ಆ ದಿನಗಳಲ್ಲಿ ನೋಡುವುದು ಮೂಲೆಯಲ್ಲಿ ಮುದುಡಿದ, ಇಲ್ಲವೇ ಸರಳಿಗೆ ಹಾರಿ ಹಾರಿ ಬೊಗಳುವ ನಾಯಿಯನ್ನು. ನಿಮ್ಮ ಮನೆಯ ನಾಯಿಯನ್ನಲ್ಲ. ಆದ್ದರಿಂದ ಶೆಲ್ಟರ್‌ಗೇ ಕೊಡುವುದಾದರೆ ಬರೀ ಲಸಿಕೆ ಕಾರ್ಡ್ ಕೊಟ್ಟು ಬರಬೇಡಿ. ಮನೆಯಲ್ಲಿ ತೆಗೆದ ಫೋಟೊ, ಚಿಕ್ಕ ವಿಡಿಯೊ, ಒಂದು ಪುಟದ ಟಿಪ್ಪಣಿ ಕೊಡಿ. ಅದನ್ನು ಪಂಜರದ ಮುಂದೆ ಅಂಟಿಸಲು ಕೇಳಿಕೊಳ್ಳಿ.

ಹಾಗಾದರೆ ಶೆಲ್ಟರ್‌ಗೆ ಯಾರು ಹೋಗಬೇಕು? ಮನೆಯಲ್ಲಿ ಹಿಂಸೆ ನಡೆಯುತ್ತಿದ್ದು ಈಗಲೇ ಹೊರಡಬೇಕಾದವರು, ಆಸ್ಪತ್ರೆ ಸೇರಿದವರು, ನಾಳೆ ಸೂರು ಇಲ್ಲದವರು. ಅಂಥ ಹೊತ್ತಿನಲ್ಲಿ ಯಾರೋ ಅಪರಿಚಿತರ ಕೈಗೆ ಅವಸರದಲ್ಲಿ ಕೊಡುವುದಕ್ಕಿಂತ ನೊಂದಣಿ, ವೈದ್ಯರು, ಬೀಗ ಇರುವ ಜಾಗ ಎಷ್ಟೋ ವಾಸಿ. ಹಗಲಿನಲ್ಲಿ ಹೋಗಿ, ಸಿಬ್ಬಂದಿಯ ಕೈಗೇ ಒಪ್ಪಿಸಿ. ರಾತ್ರಿ ಗೇಟಿಗೆ ಕಟ್ಟಿ ಹೋದ ನಾಯಿ ಹಗ್ಗ ಕಡಿದುಕೊಂಡು ರಸ್ತೆಗೆ ಇಳಿಯುತ್ತದೆ, ಅದರ ಹೆಸರೂ ಯಾರಿಗೂ ತಿಳಿಯದೆ ಹೋಗುತ್ತದೆ. ಊರಾಚೆ ಬಿಟ್ಟು ಬರುವುದನ್ನು ನಾನು ಒಂದು ದಾರಿ ಎಂದು ಎಣಿಸುವುದೇ ಇಲ್ಲ. ಮನೆಯ ನಾಯಿಗೆ ವಾಹನ ತಿಳಿಯದು, ಬೀದಿಯ ನಾಯಿಗಳ ಗಡಿ ತಿಳಿಯದು, ತಾನೇ ಅನ್ನ ಹುಡುಕಲು ತಿಳಿಯದು. ಎಷ್ಟೋ ದೇಶಗಳಲ್ಲಿ ಅದು ಶಿಕ್ಷಾರ್ಹ ಅಪರಾಧವೂ ಹೌದು.

ಉಳಿದ ದಾರಿಗಳು

ನಾಯಿಯನ್ನು ಬ್ರೀಡರ್‌ನಿಂದ (ಮರಿ ಹಾಕಿಸಿ ಮಾರುವವರಿಂದ) ತಂದಿದ್ದರೆ ಅಥವಾ ದತ್ತು ಪಡೆದಿದ್ದರೆ, ಆಗ ಸಹಿ ಹಾಕಿದ ಕಾಗದವನ್ನು ಮೊದಲು ಹುಡುಕಿ ಓದಿ. ಬೇರೆಯವರಿಗೆ ಕೊಡುವ ಮುನ್ನ ತಮಗೆ ತಿಳಿಸಬೇಕೆಂಬ ಷರತ್ತು ಅದರಲ್ಲಿ ಇರುವ ಸಂಭವ ಹೆಚ್ಚು. ಜವಾಬ್ದಾರಿಯುತ ಬ್ರೀಡರ್ ತಾನು ಮಾರಿದ ನಾಯಿಯನ್ನು ಯಾವ ವಯಸ್ಸಿನಲ್ಲೂ ವಾಪಸ್ ಪಡೆಯುತ್ತಾನೆ. ವಾಪಸ್ ಪಡೆದು ಮತ್ತೆ ಮರಿ ಹಾಕಿಸುವವನ ಕೈಗೆ ಮಾತ್ರ ಕೊಡಬೇಡಿ.

ಬೋರ್ಡಿಂಗ್, ಅಂದರೆ ಹಣ ಕೊಟ್ಟು ನಾಯಿಯನ್ನು ಬಿಟ್ಟು ಬರುವ ಜಾಗ, ಕೆಲವು ವಾರಗಳ ಏರ್ಪಾಡು. ತಿಂಗಳುಗಟ್ಟಲೆ ಅಲ್ಲೇ ಬಿಟ್ಟರೆ ಖರ್ಚೂ ಬೆಳೆಯುತ್ತದೆ, ನಾಯಿಯೂ ಸೊರಗುತ್ತದೆ.

"ನಮ್ಮ ತೋಟದಲ್ಲಿ ಎಕರೆಗಟ್ಟಲೆ ಜಾಗವಿದೆ, ಆರಾಮಾಗಿ ಓಡಾಡಿಕೊಂಡಿರುತ್ತೆ" ಎಂಬ ಮಾತಿಗೆ ಮನಸೋಲುವವರು ಬಹಳ. ಮನೆಯೊಳಗೆ ಬೆಳೆದ ನಾಯಿಗೆ ಬೇಕಾದ್ದು ಎಕರೆಯಲ್ಲ, ಜನ. ರಾತ್ರಿ ಅದು ಎಲ್ಲಿ ಮಲಗುತ್ತದೆ, ಹಗಲು ಯಾರ ಜೊತೆ ಇರುತ್ತದೆ, ಕಟ್ಟಿಹಾಕುತ್ತೀರಾ, ಈಗಿರುವ ನಾಯಿಗಳಿಗೆ ಲಸಿಕೆ ಆಗಿದೆಯೇ ಎಂದು ಕೇಳಿದಾಗ ಈ ಮಾತಿನ ಹಿಂದೆ ಇರುವುದು ಬರೀ ಕಾವಲಿನ ಆಸೆಯೋ ಅಲ್ಲವೋ ತಿಳಿಯುತ್ತದೆ.

ಕಷ್ಟದ ನಾಯಿಗಳು

ವಯಸ್ಸಾದ ನಾಯಿಗೆ ಮನೆ ಸಿಗುವುದಿಲ್ಲ ಎಂದು ಮೊದಲೇ ಕೈಚೆಲ್ಲಬೇಡಿ. ನಿವೃತ್ತರು, ಮನೆಯಿಂದಲೇ ಕೆಲಸ ಮಾಡುವವರು, ಮರಿಯ ಗದ್ದಲ ಬೇಡ ಅನ್ನುವವರು ಎಂಟು ಹತ್ತು ವರ್ಷದ ನಾಯಿಯನ್ನೇ ಹುಡುಕಿಕೊಂಡು ಬರುವುದನ್ನು ಕಂಡಿದ್ದೇನೆ. ಔಷಧಿಯ ಖರ್ಚನ್ನು ನೀವೇ ಭರಿಸುವುದಾಗಿ ಹೇಳಿದರೆ ಒಪ್ಪುವವರು ಇನ್ನೂ ಹೆಚ್ಚುತ್ತಾರೆ. ಜೊತೆಗೆ ಬೆಳೆದ ಜೋಡಿ ನಾಯಿಗಳಾದರೆ, ಒಂದನ್ನು ಒಂದು ದಿನ ಬೇರೆ ಕಡೆ ಇಟ್ಟು ಎರಡೂ ಹೇಗಿರುತ್ತವೆ ನೋಡಿ. ಎರಡರಲ್ಲಿ ಯಾವುದಾದರೂ ಊಟ ಬಿಟ್ಟು ಬಾಗಿಲು ಕಾಯುತ್ತಿದ್ದರೆ ಜೋಡಿಯನ್ನು ಮುರಿಯಬೇಡಿ.

ಕಚ್ಚಿದ ನಾಯಿಯ ವಿಷಯ ಬೇರೆ. ಗುರ್ ಅಂದದ್ದು, ಗಾಳಿಯಲ್ಲಿ ಬಾಯಿ ಹಾಕಿದ್ದು, ಚರ್ಮ ಸೀಳಿದ್ದು, ಮೂರೂ ಒಂದೇ ಅಲ್ಲ. ಯಾವಾಗ, ಯಾರಿಗೆ, ಯಾವ ಸನ್ನಿವೇಶದಲ್ಲಿ ಎಂಬುದನ್ನು ಬರೆದು ತೋರಿಸಿ. ಮುಚ್ಚಿಟ್ಟು ಕೊಟ್ಟರೆ ಮುಂದಿನ ಪೆಟ್ಟು ಇನ್ನೊಬ್ಬರ ಮಗುವಿನ ಮುಖಕ್ಕೆ. ನಡವಳಿಕೆ ಬಲ್ಲ ಪಶುವೈದ್ಯರು ನೋಡಿ, ನೋವು ಕಾಯಿಲೆ ಏನೂ ಇಲ್ಲ, ತರಬೇತಿಯಿಂದಲೂ ಬಗ್ಗದ ತೀವ್ರ ಆಕ್ರಮಣವಿದೆ ಎಂದು ಹೇಳಿದರೆ, ಅದನ್ನು ಮನೆಯಿಂದ ಮನೆಗೆ ದಾಟಿಸುತ್ತಾ ಹೋಗುವುದು ನಾಯಿಗೂ ಹಿಂಸೆ. ಆಗ ದಯಾಮರಣದ ಮಾತನ್ನು ವೈದ್ಯರ ಜೊತೆ ಆಡುವುದು ಕ್ರೌರ್ಯವಲ್ಲ. ತನಗೆ ಗೊತ್ತಿರುವವರ ಮಡಿಲಿನಲ್ಲಿ, ನೋವಿಲ್ಲದೆ ಹೋಗುವುದಕ್ಕೆ ಆ ನಾಯಿಗೂ ಹಕ್ಕಿದೆ.

ಒಪ್ಪಿಸುವ ದಿನ ಮತ್ತು ಆಮೇಲೆ

ನಾಯಿಯ ಹಾಸಿಗೆಯನ್ನು ಒಗೆಯದೆ ಕೊಡಿ. ಅದರಲ್ಲಿರುವ ವಾಸನೆಯೇ ಅದಕ್ಕೆ ಆಧಾರ. ಈಗ ತಿನ್ನುವ ಆಹಾರವನ್ನು ಎರಡು ವಾರಕ್ಕಾಗುವಷ್ಟು ಕೊಟ್ಟು, ಬದಲಿಸುವುದಾದರೆ ಏಳರಿಂದ ಹತ್ತು ದಿನ ಸ್ವಲ್ಪ ಸ್ವಲ್ಪವೇ ಬೆರೆಸಲು ಹೇಳಿ, ಇಲ್ಲದಿದ್ದರೆ ಬೇಧಿಯಾಗುತ್ತದೆ. ರೇಬಿಸ್ ಮತ್ತಿತರ ಲಸಿಕೆಗಳ ಕಾರ್ಡ್, ವೈದ್ಯರ ಚೀಟಿಗಳು, ನೀವು ಬಳಸುವ ಆಜ್ಞೆಯ ಪದಗಳ ಪಟ್ಟಿ ಕೊಡಿ. "ಬಾ" ಎಂದು ಕರೆಸಿಕೊಂಡ ನಾಯಿಗೆ "ಕಮ್" ಅಂದರೆ ಅರ್ಥವಾಗುವುದಿಲ್ಲ.

ಚರ್ಮದಡಿ ಇಡುವ ಗುರುತಿನ ಮೈಕ್ರೋಚಿಪ್ ಇದ್ದರೆ ಅದರ ಸಂಖ್ಯೆಯನ್ನು (ಸಾಮಾನ್ಯವಾಗಿ 15 ಅಂಕಿ) ಹೊಸಬರಿಗೆ ಕೊಡಿ; ನೊಂದಣಿಯಲ್ಲಿ ಆ ಸಂಖ್ಯೆಯ ಮುಂದಿರುವ ಹೆಸರು, ಫೋನ್ ಕೂಡ ಬದಲಾಗಬೇಕು. ಚಿಪ್ ತಾನಾಗಿ ಜಾಗ ತೋರಿಸುವ ಜಿಪಿಎಸ್ ಅಲ್ಲ, ಅದರಲ್ಲಿ ಬ್ಯಾಟರಿಯೂ ಇಲ್ಲ. ಸ್ಕ್ಯಾನರ್ ಹಿಡಿದಾಗ ಸಂಖ್ಯೆಯನ್ನಷ್ಟೇ ಹೇಳುತ್ತದೆ. ಹೊಸ ಮನೆಯಿಂದ ನಾಯಿ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಮೊದಲ ದಿನಗಳಲ್ಲೇ. ಆಗ ಹಾರ್ನೆಸ್‌ಗೆ (ಎದೆ ಸುತ್ತ ಕಟ್ಟುವ ಪಟ್ಟಿಗೆ) ಒಂದು, ಬೆಲ್ಟ್‌ಗೆ ಒಂದು, ಹೀಗೆ ಎರಡು ಹಗ್ಗ ಹಾಕಿಯೇ ಹೊರಗೆ ಕರೆದೊಯ್ಯಲಿ.

ಮೊದಲ ಕೆಲವು ದಿನ ಊಟ ಬಿಡುವುದು, ಬಾಗಿಲ ಬಳಿ ಕೂರುವುದು, ಹೆಚ್ಚು ನಿದ್ದೆ ಮಾಡುವುದು ಸಹಜ ಎಂದು ಅವರಿಗೂ ಹೇಳಿ, ನಿಮಗೂ ಹೇಳಿಕೊಳ್ಳಿ. ನಾಯಿ ಹೊಸಬರನ್ನು ಒಪ್ಪಿಕೊಳ್ಳುವುದೇ ಇಲ್ಲ ಎಂಬುದು ಸುಳ್ಳು. ಹಂಗೇರಿಯ ಮಾರ್ತಾ ಗಾಚಿ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಶೆಲ್ಟರ್‌ನ ವಯಸ್ಕ ನಾಯಿಗಳ ಜೊತೆ ಒಬ್ಬ ಅಪರಿಚಿತರು ಹತ್ತು ಹತ್ತು ನಿಮಿಷದಂತೆ ಮೂರು ಸಲ ಕಳೆದದ್ದೇ ತಡ, ಅವು ಆ ವ್ಯಕ್ತಿಯನ್ನು ಅಂಟಿಕೊಳ್ಳುವ ಲಕ್ಷಣ ತೋರಿದವು. ನಿಮ್ಮನ್ನು ಮರೆಯುತ್ತದೆ ಎಂದು ಇದರರ್ಥವಲ್ಲ, ಇನ್ನೊಬ್ಬರನ್ನೂ ಪ್ರೀತಿಸಬಲ್ಲದು ಎಂದು. ನೋಡಲು ಹೋಗುವ ಆಸೆಯಾದರೆ ಅದು ಅಲ್ಲಿ ನೆಲೆಯೂರುವವರೆಗೆ, ಅಂದರೆ ಒಂದೆರಡು ತಿಂಗಳು ತಡೆಯಿರಿ. ಅಷ್ಟರವರೆಗೆ ಫೋಟೊ, ವಿಡಿಯೊ ಸಾಕು.

ಹೊಸ ಮನೆಯವರಿಂದ "ಆಗ್ತಿಲ್ಲ" ಎಂದು ಫೋನ್ ಬಂದರೆ ಮೊದಲು ಕರೆ ಮಾಡಿದ್ದಕ್ಕೆ ಥ್ಯಾಂಕ್ಸ್ ಹೇಳಿ. ಬೈದರೆ ಮುಂದಿನ ಸಲ ಕರೆ ಬರುವುದಿಲ್ಲ. ಯಾವ ಹೊತ್ತಿನಲ್ಲಿ, ಯಾರು ಇದ್ದಾಗ ತೊಂದರೆಯಾಗುತ್ತಿದೆ ಎಂದು ಬಿಡಿಸಿ ಕೇಳಿ; ಎಷ್ಟೋ ತೊಂದರೆಗಳು ಮಲಗುವ ಜಾಗ ಬದಲಿಸಿದರೆ, ವಾಕಿಂಗ್ ಹೊತ್ತು ಬದಲಿಸಿದರೆ ಸರಿಹೋಗುತ್ತವೆ. ಆದರೂ ಬೇಡವೆಂದರೆ ವಾದಿಸಬೇಡಿ. ಎಷ್ಟು ಹೊತ್ತಿಗೆ ಬಂದು ಕರೆದೊಯ್ಯುತ್ತೀರಿ ಎಂಬುದನ್ನು ಅದೇ ಕರೆಯಲ್ಲಿ ಹೇಳಿಬಿಡಿ.